ಕೊಂಚಾವರಂ ಕಾಡಿನಲ್ಲಿ ಟಾಲಿನ ಗುಮಾಸ್ತ

ಮೂವತ್ತೊಂದು ವರ್ಷ ನಾನು ಮರ ನೋಡಿದ್ದು
ಅವು ಮಲಗಿದ್ದಾಗಲೇ.
ಕಲಬುರಗಿಯ ಟಾಲಿನಲ್ಲಿ, ತಗಡಿನ ಚಪ್ಪರದ ಕೆಳಗೆ,
ಬುಡಕ್ಕೆ ಸುಣ್ಣದ ನಂಬರು ಬರೆಸಿಕೊಂಡು
ಒಂದರ ಮೇಲೊಂದು.
ಸುತ್ತಳತೆ ಇಷ್ಟು, ಉದ್ದ ಇಷ್ಟು, ಗಂಟು ಎರಡು, ಸೀಳು ಒಂದು,
ಖಾತೆಗೆ ಏರಿಸಿ ಕಿವಿಗೆ ಪೆನ್ಸಿಲು ಸಿಗಿಸಿದರೆ
ಮುಗಿಯಿತು.

ಕಣ್ಣು ಕಟ್ಟಿದರೂ ಹೇಳುತ್ತೇನೆ, ವಾಸನೆ ಸಾಕು:
ಇದು ಸಾಗವಾನಿ, ಇದು ಹೊನ್ನೆ,
ಇದು ಮತ್ತಿ, ಹಸಿಯಿದೆ, ಒಂದು ಬೇಸಗೆ ಕಾಣಲಿ, ಆಮೇಲೆ ಕೊಯ್ಯಿ.
ಆದರೆ ಮೊಮ್ಮಗಳು ಮುಷ್ಟಿಯಲ್ಲಿ ಎಲೆ ಹಿಡಿದು ಬಂದು
‘ನಾನಾ, ಇದು ಯಾವ ಗಿಡದ್ದು?’ ಅಂದಾಗ ಗೊತ್ತಾಯಿತು,
ಎಲೆಯ ಮುಂದೆ
ನಾನು ಹೆಬ್ಬೆಟ್ಟು.

ಅದಕ್ಕೇ ಹೊರಟೆ. ಚಿಂಚೋಳಿಯ ಬಸ್ಸು, ಆಮೇಲೆ ಟಂಟಂ.
ತೊಗರಿ ಕೊಯ್ದ ಕಪ್ಪು ಹೊಲ ಎಲ್ಲಿ ನಿಂತಿತೋ
ಕೆಂಪು ಮಣ್ಣು ಎಲ್ಲಿ ಶುರುವಾಯಿತೋ
ತೂಕಡಿಕೆಯಲ್ಲಿ ತಪ್ಪಿಹೋಯಿತು.
ಗೇಟಿನಲ್ಲಿ ಠಾವರ್ಯಾ ನಿಂತಿದ್ದ, ಕಾಡಿನ ವಾಚರು,
ಖಾಕಿ ಅಂಗಿ, ಟಾಯರಿನ ಚಪ್ಪಲಿ.
‘ಮಾತು ಕಮ್ಮಿ ಮಾಡ್ರಿ ಲಾಡ್ಲೇಸಾಬ್ರೇ,
ಕಲ್ಲಿನ ಸಂದ್ಯಾಗ ಕಿರುಬ ಮಲಗ್ಯಾವ.’

ಉದುರಿದೆಲೆಯ ಮೇಲೆ ಕಾಲಿಟ್ಟರೆ
ರಂದಾ ಹೊಡೆದ ಸುರುಳಿ ತುಳಿದ ಸದ್ದು.
ಅಷ್ಟೇ ಒಂದು ಗುರುತಿನದು.
ಉಳಿದದ್ದೆಲ್ಲ ನನಗೆ ಅಪರಿಚಿತರ ಮದುವೆ.
ಎಲ್ಲರೂ ಎದ್ದು ನಿಂತಿದ್ದಾರೆ,
ಯಾರ ಹೆಸರೂ ಗೊತ್ತಿಲ್ಲ.
ತೊಗಟೆ ಸುಲಿದು ಕಳಿಸಿದರೆ ಗುರುತಿಸುತ್ತಿದ್ದೆನೇನೋ.

ಹಳ್ಳದ ದಂಡೆಗೆ ಆ ಮತ್ತಿ.
ಮೊಸಳೆಯ ಬೆನ್ನಿನಂಥ ತೊಗಟೆ.
ಕತ್ತು ಎತ್ತಿದೆ, ಟೊಪ್ಪಿಗೆ ಹಿಂದೆ ಬಿತ್ತು,
ಬಾಯಿ ಮಾತ್ರ ತನ್ನ ಕೆಲಸ ಬಿಡಲಿಲ್ಲ:
ಸುತ್ತು ಹನ್ನೊಂದು ಫೂಟು, ಕೊಂಬೆಯ ತನಕ ಇಪ್ಪತ್ತೆರಡು,
ನೂರಾ ಅರವತ್ತಾರು ಘನಫೂಟು, ಚಿಲ್ಲರೆ.
ಜೋರಾಗಿ ಅಂದುಬಿಟ್ಟೆ.
ಸತ್ತಿಲ್ಲದವನ ಎದುರು
ಕಫನಿನ ಬಟ್ಟೆ ಅಳೆದ ಹಾಗಾಯಿತು.

ಠಾವರ್ಯಾ ನಕ್ಕನೋ ಕೆಮ್ಮಿದನೋ.
ಮಾತು ತಿರುಗಿಸಲು ಕೇಳಿದೆ, ‘ವಯಸ್ಸು ಎಷ್ಟಿರಬಹುದು?’
‘ನೀವೇ ಹೇಳ್ರಿ, ಕಟಗಿ ಮಂದಿ.’
‘ಉಂಗುರ ಎಣಿಸಬೇಕು.’
‘ಹಂಗಾರ ಕಡೀಬೇಕು.’

ಕೊಯ್ದ ಮುಖಕ್ಕೆ ಹೆಬ್ಬೆರಳಿಂದ ಎಂಜಲು ಸವರಿ
ಎಷ್ಟು ಎಣಿಸಿದ್ದೇನೆ, ತೊಂಬತ್ತು, ನೂರಾ ಹದಿನಾಲ್ಕು,
ಎಣಿಸಿದ್ದೆಲ್ಲ
ಸತ್ತ ದಿನದ ವಯಸ್ಸು.
ಬದುಕಿರುವುದರ ವಯಸ್ಸು
ಯಾವ ಖಾತೆಯಲ್ಲೂ ಇಲ್ಲ.

ಆಮೇಲೆ ಅವನು ಹಿಂದಕ್ಕೆ ಕರೆದೊಯ್ದು ತೋರಿಸಿದ.
ಸೊಂಟದೆತ್ತರಕ್ಕೆ ಒಂದು ಗಾಯ,
ಅಂಚು ದಪ್ಪಗಾಗಿ ಎರಡೂ ಕಡೆಯಿಂದ ಬಂದು
ಮುಚ್ಚಲು ಇನ್ನು ನಾಕು ಬೆರಳು ಬಾಕಿ.
‘ಇದು ನಮ್ಮಪ್ಪಂದು,’ ಅಂದ.
‘ಒಂದು ಮುಂಜಾನಿ ಕೊಡಲಿ ಹಾಕ್ಯಾನ, ಉಗಾದಿ ಬಿಸಲು.
ನೀರು ಚಿಮ್ಮಿ ಮಾರಿಗೆ ಹೊಡೀತಂತ.
ಬಾಯಿ ಹಚ್ಚಿ ಕುಡದಾನ. ಬೊಗಸಿ ಹಿಡದು ಮತ್ತ ಕುಡದಾನ.
ಕೊಡಲಿ ಹೆಗಲಿಗೆ ಹಾಕ್ಕೊಂಡು ತಾಂಡಾಕ್ಕ ಬಂದಬಿಟ್ಟ.’
ಯಾಕೆ ಬಿಟ್ಟನೆಂದು ಅವನು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಗಾಯಕ್ಕೆ ಕಿವಿ ಇಟ್ಟೆ.
ಏನೂ ಕೇಳಿಸಲಿಲ್ಲ.
ಕೆಂಪಿರುವೆ ಕಡಿಯಿತು, ಕಿವಿಯ ಹಾಲೆಗೇ,
ಪೆನ್ಸಿಲು ಸಿಗಿಸುವ ಜಾಗಕ್ಕೆ.

ಬರುವಾಗ ಮೊಮ್ಮಗಳಿಗೆ ಒಂದು ಎಲೆ ಬೇಕೆಂದೆ.
‘ಬಿದ್ದದ್ದು ತಗೋರಿ,’ ಅಂದ.

ಸೋಮವಾರ ಲಾರಿ ಬಂತು.
ಎಲ್ಲಿಯ ಕಾಡೋ, ಮತ್ತಿಯ ದಿಮ್ಮಿ ಹದಿನೇಳು.
ಆರನೆಯದರ ಬುಡಕ್ಕೆ ಅಂಗೈ ಇಟ್ಟರೆ ತಣ್ಣಗಿತ್ತು.
ಸುತ್ತಳತೆ ಬರೆದೆ, ಉದ್ದ ಬರೆದೆ.
ಮೂವತ್ತೊಂದು ವರ್ಷ ಖಾಲಿ ಬಿಟ್ಟಿದ್ದ
ಷರಾ ಎಂಬ ಕಲಮಿನಲ್ಲಿ
‘ನೀರಿತ್ತು’ ಎಂದು ಬರೆದೆ.

ಸೇಠರು ಕನ್ನಡಕ ಹಣೆಗೇರಿಸಿ ಓದಿ,
‘ಹಾಗಾದರೆ ಲಾಡ್ಲೇ,
ಎಷ್ಟು ಕಡಿತ ಹಾಕೋಣ?’ ಅಂದರು.

ಕಿವಿ ಇನ್ನೂ ಉರಿಯುತ್ತಿತ್ತು.